ಆಷಾಢದಲ್ಲಿ ನಿಂತ ಕರಾರು

ಬೆಳಗ್ಗೆ ಹನ್ನೊಂದು ನಲವತ್ತು. ಹರಿಹರದ ನಮ್ಮ ಅಕ್ಕಿ ಗಿರಣಿಯಲ್ಲಿ ಬಾಯ್ಲರಿನ ಮುಳ್ಳು ಕೆಂಪು ಗೆರೆ ದಾಟಿತು. ಅಷ್ಟು ಹೊತ್ತಿಗೆ ಮೇಲಿನ ಸೇಫ್ಟಿ ವಾಲ್ವ್ ತಾನೇ ತೆರೆದು ಹಬೆ ಬಿಡಬೇಕಿತ್ತು. ತೆರೆಯಲಿಲ್ಲ!

ನಾನು ಎಂ.ಕಾಂ. ಓದಿ, ಮಂಡಿಪೇಟೆಯ ಆಫೀಸಿನಲ್ಲಿ ಗಿರಣಿಯ ಕರಾರುಗಳನ್ನು ನೋಡಿಕೊಳ್ಳುವವಳು. ಅವತ್ತು ಲಾರಿಯವರ ಕಾಗದದ ಕೆಲಸಕ್ಕೆಂದು ಹರಿಹರಕ್ಕೆ ಹೋಗಿದ್ದೆ. ಬಾಯ್ಲರ್ ನೋಡುವ ಕಾಕಾ ಕೂಗಿದರು: "ಮೇಡಂ, ಓಡ್ರಿ! ಎಲ್ಲಾರ್ನೂ ಕರ್ಕಂಡು ಹೊರಗೆ ಓಡ್ರಿ!"

"ನೀವು?"

"ನಾನೂ ಓಡಿದ್ರೆ ಇದ್ರ ಬಾಯಿ ಬಿಡ್ಸೋರು ಯಾರು?"

ಹಮಾಲರನ್ನೆಲ್ಲ ಗೇಟಿನಾಚೆ ದಬ್ಬಿ ತಿರುಗಿ ನೋಡಿದೆ. ಕಾಕಾ ಉರಿಗೆ ಹೊಟ್ಟು ಬೀಳುವುದನ್ನು ನಿಲ್ಲಿಸಿ, ಕೈಗೆ ಗೋಣಿಚೀಲ ಸುತ್ತಿಕೊಂಡು, ಹಬೆ ಹೊರಬಿಡುವ ಚಕ್ರಕ್ಕೆ ಜೋತುಬಿದ್ದಿದ್ದರು. ತಿರುಗದು. ಇನ್ನೊಮ್ಮೆ. ಭರ್ರೆಂದು ಹಬೆ ನುಗ್ಗಿತು, ಅಂಗಳವೆಲ್ಲ ಬಿಳಿ! ಅದರೊಳಗಿಂದ ಅವರು ಕೆಮ್ಮುತ್ತ ಬಂದಾಗ ನಾನು ಅಳುತ್ತಲೇ ನಕ್ಕೆ. ಮೊಣಕೈ ಸುಟ್ಟಿತ್ತು, ಜೀವ ಉಳಿದಿತ್ತು.

ತಪ್ಪು ನನ್ನದೂ ಹೌದು. ಮೂರು ತಿಂಗಳಿಗೊಮ್ಮೆ ಬಂದು ವಾಲ್ವ್ ಪರೀಕ್ಷಿಸುತ್ತಿದ್ದ ಕಂಪನಿಯ ಕರಾರು ಮುಗಿದಿತ್ತು. ಹೊಸದನ್ನು ಗಿರಣಿಯ ಸಾವ್ಕಾರರ ಮುಂದಿಟ್ಟಾಗ, "ಆಷಾಢ ಐತವ್ವ, ಈಗ ಸಹಿ ಬ್ಯಾಡ. ಶ್ರಾವಣ ಬರ್ಲಿ" ಅಂದಿದ್ದರು. "ಆಯ್ತ್ರಿ" ಎಂದು ಫೈಲು ಮುಚ್ಚಿದ್ದೆ. ಕರಾರಿಲ್ಲದೆ ಇಂಜಿನಿಯರ್ ಬರಲಿಲ್ಲ. ಆ ಸಂಜೆ ಹಳೆಯ ಕರಾರು ತೆಗೆದು ನೋಡಿದರೆ ನಾಲ್ಕನೇ ಪುಟದಲ್ಲಿತ್ತು: ಮುಗಿಯುವ ಮೊದಲು ಆಫೀಸಿನಿಂದ ಒಂದು ಪತ್ರ ಹೋದರೆ ಸಾಕು, ಎರಡು ತಿಂಗಳು ಸೇವೆ ಮುಂದುವರಿಯುತ್ತದೆ. ಆ ಪತ್ರವನ್ನು ನಾನೇ ಬರೆಯಬಹುದಿತ್ತು! ಕ್ಯಾಲೆಂಡರಿನಲ್ಲಿ ದಿನಾಂಕಕ್ಕೆ ಗುರುತು ಹಾಕಿದ್ದೆನೇ ಹೊರತು ಕರಾರನ್ನು ಪೂರ್ತಿ ಓದಿರಲಿಲ್ಲ.

ಮರುದಿನ ಕಾಕಾ ಪಟ್ಟಿ ಕಟ್ಟಿದ ಕೈಯಲ್ಲೇ ಮಂಡಿಪೇಟೆಗೆ ಬಂದರು. "ಸಾವ್ಕಾರ್ರೇ, ನಾಳೆ ನಾನೇ ಅದ್ರ ಮುಂದೆ ನಿಂದ್ರಬೇಕು. ಬಾಯ್ಲರ್‌ಗೆ ಪಂಚಾಂಗ ಓದಾಕೆ ಬರಲ್ರಿ."

ಸಾವ್ಕಾರರು ನನ್ನತ್ತ ಕೈ ಚಾಚಿ, "ಪೆನ್ ಕೊಡವ್ವ" ಅಂದರು. ಆಷಾಢದಲ್ಲೇ ಸಹಿ ಬಿತ್ತು. ಪರೀಕ್ಷೆ ಆಗುವವರೆಗೆ ಉರಿ ಹಚ್ಚಬಾರದೆಂದೂ ಹೇಳಿದರು.

ಹಗಲು ಹೇಗೋ ಕಳೆಯುತ್ತಿತ್ತು. ಮಲಗಿದರೆ ಆ ಚಕ್ರ ತಿರುಗದೆ ನಿಲ್ಲುತ್ತಿತ್ತು, ಧಡಕ್ಕನೆ ಏಳುತ್ತಿದ್ದೆ.

ಒಂಬತ್ತನೇ ದಿನ, ಶುಕ್ರವಾರ, ಇಂಜಿನಿಯರ್ ಹೊಸ ವಾಲ್ವ್ ಕೂಡಿಸಿ ಬೇಕೆಂದೇ ಒತ್ತಡ ಏರಿಸಿದರು. ವಾಲ್ವ್ ತಾನಾಗಿಯೇ ಸಿಳ್ಳೆ ಹೊಡೆದು ಹಬೆ ಉಗುಳಿತು! ಕಾಕಾ ಮಕ್ಕಳಂತೆ ಚಪ್ಪಾಳೆ ತಟ್ಟಿದರು. ಅವತ್ತು ಮಲಗಿದವಳಿಗೆ ಎಚ್ಚರವಾದಾಗ ಶನಿವಾರದ ಬಿಸಿಲು ಹಾಸಿಗೆ ಮೇಲಿತ್ತು.