ರಿಮ್ಮಿಗೆ ಕೊಬ್ಬರಿ ಎಣ್ಣೆ

ಸಿಂದಗಿಯ ನಮ್ಮ ಮನೆಯಲ್ಲಿ ಬ್ರೇಕಿನ ಬಗ್ಗೆ ಮಾತಾಡುವ ಹಕ್ಕು ಅಪ್ಪನೊಬ್ಬರದೇ. ಅವರು ಬಸ್ ಡ್ರೈವರ್. ಇಂಡಿಗೂ ಮುದ್ದೇಬಿಹಾಳಕ್ಕೂ ವರ್ಷಗಟ್ಟಲೆ ಗಾಡಿ ಓಡಿಸಿ ಒಂದು ಕೋಳಿಯನ್ನೂ ಕೊಂದವರಲ್ಲ. ಅದನ್ನು ಹೇಳಿಕೊಳ್ಳದೆ ಬಿಟ್ಟವರೂ ಅಲ್ಲ. ನಾನು ಹತ್ತನೇ ತರಗತಿಗೆ ಬಂದಾಗ ಹಟ ಹಿಡಿದು ಗೇರ್ ಸೈಕಲ್ ಕೊಡಿಸಿಕೊಂಡೆ. ದಪ್ಪ ಟೈರು, ಕೆಂಪು ಬಣ್ಣ. ಓಣಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ, ನನ್ನಷ್ಟು ಸೊಕ್ಕಿನವಳೂ ಇರಲಿಲ್ಲ.

ಅದರ ರಿಪೇರಿಗೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರದ ಚಾಚಾನ ಸೈಕಲ್ ಅಂಗಡಿಯೇ ಗತಿ. ಅಪ್ಪನಿಗೂ ಅವರಿಗೂ ಹಳೆಯ ದೋಸ್ತಿ. ಅಪ್ಪ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಆ ವರ್ಷ ದಸರೆಯ ಹೊತ್ತಿಗೆ ಬ್ರೇಕು ಸಡಿಲಾಗಿತ್ತು. ಚಾಚಾ ಹೊಸ ರಬ್ಬರ್ ಕೂಡಿಸಿ, ತಂತಿ ಬಿಗಿ ಮಾಡಿಕೊಟ್ಟರು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಅಪ್ಪ ಡಿಪೋದಲ್ಲಿ ಬಸ್ಸು ತೊಳೆಯಲು ಹೋದರು. ನಾನು ಅಂಗಳದಲ್ಲಿ ಸೈಕಲ್ ತೊಳೆದೆ. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅವ್ವ ಪೂಜೆಗೆಂದು ಕುಡಗೋಲು, ಈಳಿಗೆಗಳಿಗೆ ಎಣ್ಣೆ ಸವರಿ ಇಟ್ಟಿದ್ದಳು, ಅವು ಮಿಂಚುತ್ತಿದ್ದವು. ನನ್ನ ಸೈಕಲ್ ಏನು ಕಡಿಮೆ? ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ತಂದು ಎರಡೂ ರಿಮ್ಮಿಗೆ ತಿಕ್ಕಿದೆ. ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದೆ. ಅಪ್ಪ ಬಂದು ನೋಡಿ ಶಭಾಷ್ ಅಂದರು.

ಮರುದಿನ ಬೆಳಿಗ್ಗೆ ಕನ್ನೊಳ್ಳಿ ರಸ್ತೆಯ ಇಳುಕಲಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಎರಡೂ ಬ್ರೇಕ್ ಹಿಡಿದೆ, ಚಕ್ರ ನಿಲ್ಲಲಿಲ್ಲ. ಎಮ್ಮೆ ಉಳಿಯಿತು, ನಾನು ಜಾಲಿಕಂಟಿಯಲ್ಲಿ ಬಿದ್ದೆ. ಮೊಣಕೈ ಕೆತ್ತಿಹೋಯಿತು.

ಅಪ್ಪ ಬ್ರೇಕ್ ಹಿಡಿದು, ಕೈಯಿಂದ ಚಕ್ರ ತಿರುಗಿಸಿ ನೋಡಿದರು. ಬಿಗಿಯಾಗಿಯೇ ಇತ್ತು, ಆದರೂ ಚಕ್ರ ಜಾರುತ್ತಿತ್ತು. ತಂತಿ ಇನ್ನಷ್ಟು ಬಿಗಿದರೂ ಅದೇ ಹಾಡು. ಹಾಗಾದರೆ ರಬ್ಬರೇ ಖೊಟ್ಟಿ ಎಂದು ತೀರ್ಮಾನಿಸಿ, ನನ್ನನ್ನೂ ಸೈಕಲ್ಲನ್ನೂ ಎಳೆದುಕೊಂಡು ಅಂಗಡಿಗೆ ಹೋದರು. ನಾಲ್ಕು ಜನರೆದುರು ಬಾಯಿಗೆ ಬಂದಂತೆ ಬೈದರು.

"ನನ್ನ ಮಗಳ ಜೀವಾ ಹೋಗತಿತ್ತು. ಹಲ್ಕಾ ಮಾಲ್ ಹಾಕಿ ಮೋಸ ಮಾಡಿದೆಲ್ಲೊ, ಉಸ್ತಾದ."

ಚಾಚಾ ರಿಮ್ಮಿನ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿನ ಹತ್ತಿರ ಒಯ್ದರು. ಆಮೇಲೆ ನನ್ನತ್ತ ನೋಡಿದರು. ನನ್ನ ಎರಡು ಜಡೆಗಳೂ ಅದೇ ಎಣ್ಣೆಯಿಂದ ಘಮಘಮಿಸುತ್ತಿದ್ದವು. ಏನಾಗಿದೆಯೆಂದು ನನಗೆ ಹೊಳೆದದ್ದು ಆಗ: ನಾನು ಹಚ್ಚಿದ ಎಣ್ಣೆಯಿಂದಲೇ ರಿಮ್ಮಿನ ಮೇಲೆ ರಬ್ಬರ್ ಜಾರುತ್ತಿತ್ತು. ಹೇಳಿದರೆ ಸೈಕಲ್ ಕೈತಪ್ಪುತ್ತದೆ, ಅಪ್ಪನ ಸಿಟ್ಟೆಲ್ಲ ನನ್ನ ಮೇಲೆ ತಿರುಗುತ್ತದೆ. ನಾನು ನೆಲ ನೋಡುತ್ತ ನಿಂತೆ.

"ತಪ್ಪ ನಂದ ಐತ್ರಿ, ಡ್ರೈವರ್ರ," ಎಂದರು ಚಾಚಾ.

ಸಾಬೂನು ನೀರಿನಿಂದ ರಿಮ್ಮು ತೊಳೆದು, ಪಾಲಿಶ್ ಪೇಪರಿನಿಂದ ತಿಕ್ಕಿ, ಬೇರೆ ರಬ್ಬರ್ ಹಾಕಿಕೊಟ್ಟರು. ಚಕ್ರ ತಟ್ಟನೆ ನಿಂತಿತು. ಅಲ್ಲಿಗೆ ಅವರ ಹೆಸರು ಕೆಟ್ಟಿತು, ನನ್ನ ಸೈಕಲ್ ಉಳಿಯಿತು. ಅವತ್ತು ಸಂಜೆ ದಸರೆಯ ಬನ್ನಿ ಕೊಡಲು ಅಪ್ಪ ಆ ಕಡೆ ಹೋಗಲಿಲ್ಲ. ಈದಿಗೆ ಅವರ ಮನೆಯಿಂದ ಬರುತ್ತಿದ್ದ ಸುರಕುಂಬಾ ಪಾಯಸ ಕೂಡ ನಿಂತಿತು. ಅದರ ರುಚಿ ನೆನಪಾದಾಗಲೆಲ್ಲ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಈಗ ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಕಳೆದ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅವರು ತಮ್ಮ ಅಂಗೈ ನೋಡಿಕೊಂಡರು.

"ನನಗ ಆವತ್ತ ಗೊತ್ತಾಗಿತ್ತವಾ. ಮನಿಗೆ ಬಂದು ಕೈ ತೊಳಿಯುವಾಗ ಕೊಬ್ಬರಿ ಎಣ್ಣಿ ವಾಸನಿ ಬಂತು. ಆದ್ರ ನಾಕ ಮಂದಿ ಮುಂದ ಅಂದ ಮಾತ ಹೆಂಗ ತಿರುಗಿ ತಗೋಳಲಿ?"

ನನಗೆ ಸಿಟ್ಟು ಬಂತು. ಅಪ್ಪನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಸುಳ್ಳನ್ನು ಒಬ್ಬರಿಗೊಬ್ಬರು ತಿಳಿಯದಂತೆ ಬಚ್ಚಿಟ್ಟುಕೊಂಡು ಇಷ್ಟು ವರ್ಷ ಉಂಡು ಮಲಗಿದ್ದೆವು. ಸಂಜೆ ಅಪ್ಪನೇ ಮೋಟರ್ ಸೈಕಲ್ ಹೊರಗೆ ತೆಗೆದು, ಹತ್ತು ಎಂದರು.

ಅಂಗಡಿಯಲ್ಲಿದ್ದ ಚಾಚಾನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಾನು ಇಳಿದವಳೇ, ಎಣ್ಣೆ ಹಚ್ಚಿದವಳು ನಾನೇ ಎಂದು ಹೇಳಿ ಕೈಮುಗಿದೆ. ಅವತ್ತೇ ಗೊತ್ತಿತ್ತು ಎಂದು ಅವರು ನಕ್ಕು ನನ್ನ ತಲೆ ಸವರಿದರು. ಅಪ್ಪ ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದರು, ಒಂದೂ ಹೊರಬೀಳಲಿಲ್ಲ. ಹ್ಯಾಂಡಲ್ ಬಿಡದೆ ನಿಂತು, ಬ್ರೇಕ್ ಸಡಿಲಾಗಿದೆ, ನೋಡು ಎಂದಷ್ಟೇ ಹೇಳಿದರು.

ಬ್ರೇಕು ಸರಿಯಾಗಿಯೇ ಇತ್ತು. ನಾವು ಅದೇ ಗಾಡಿಯ ಮೇಲೆ ಬಂದಿದ್ದೆವು. ಚಾಚಾ ಒಮ್ಮೆ ಒತ್ತಿ ನೋಡಿದರು. ಬಗ್ಗಿ ಚಕ್ರ ತಿರುಗಿಸಿ ನೋಡಿದರು. ಏನೂ ಆಗಿಲ್ಲವೆಂದು ಅಷ್ಟರಲ್ಲೇ ತಿಳಿದಿರಬೇಕು. ಆದರೂ ನಟ್ಟು ತಿರುಗಿಸುವ ಪಾನಾ ಕೈಗೆತ್ತಿಕೊಂಡರು.

"ಭಾಳ ಸಡ್ಲ ಆಗೈತ್ರಿ, ಡ್ರೈವರ್ರ," ಎಂದರು. "ಕುಂದರ್ರಿ. ತಾಸೊತ್ತು ಹಿಡಿತೈತಿ."