ಮಾಕಳಿ ರಾಮಾಂಜಿನಪ್ಪನ ಬಿಸಿ ಗೇರ್‌ಬಾಕ್ಸ್

ಮಾಕಳಿಯ ರಾಮಾಂಜಿನಪ್ಪನ ಕೋಪಕ್ಕೆ ನ್ಯೂಟ್ರಲ್ ಎಂಬುದೇ ಇಲ್ಲ. ಹರಾಜಿನಲ್ಲಿ ಹಿಡಿದ, ತಾನೇ ಗೇರ್ ಬದಲಿಸಿಕೊಳ್ಳುವ ಫಾರಿನ್ ಟ್ರಕ್ಕಿನಿಂದ ಅವನು ತುಮಕೂರು ರಸ್ತೆಯಲ್ಲಿ ಕೆಟ್ಟುನಿಂತ ಗಾಡಿಗಳನ್ನು ಪೀಣ್ಯಕ್ಕೆ ಎಳೆಯುತ್ತಾನೆ. ಭಾರ ಎಳೆದರೆ ಗೇರ್ ಎಣ್ಣೆ ಕುದಿಯುತ್ತದೆ. ಎಣ್ಣೆ ಸುಟ್ಟರೆ ಗೇರ್‌ಬಾಕ್ಸ್ ಸತ್ತಂತೆ, ಬದಲಿ ಈ ದೇಶದಲ್ಲೇ ಸಿಗದು. ಹಾಗಾಗಿ ಪ್ರತಿ ಏರು ಹತ್ತಿದ ಮೇಲೂ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಎಣ್ಣೆ ತಿರುಗಾಡಿ ಆರಲೆಂದು ಇಂಜಿನ್ ಆರಿಸದೆ ಬೀಡಿ ಹಚ್ಚುತ್ತಾನೆ. ಹಿಂದೆ ಕಟ್ಟಿದ ಕಾರಿನಲ್ಲಿ ಕೂತ, ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡವರು "ಮೀಟಿಂಗ್ ಇದೆ, ಬೇಗ ಹೊರಡ್ರೀ" ಅಂದರೆ ಮುಗಿಯಿತು. "ನಿನ್ ಮೀಟಿಂಗ್ ಕಾಯ್ಲಿ, ನನ್ ಗೇರ್ ಕಾಯ್ಬಾರ್ದು! ಅರ್ಜೆಂಟಿದ್ರೆ ಅಗ್ಗ ಬಿಚ್ತೀನಿ, ತಳ್ಕೊಂಡ್ ಓಗು!" ಮಂತ್ರಿಯ ಕಾರಿಗೂ ಇದೇ ಮಂಗಳಾರತಿ. ಮೊನ್ನೆ ಮಾತ್ರ ಕಾರ್ಖಾನೆಯೊಂದರ ಕೆಟ್ಟುನಿಂತ ಆಂಬುಲೆನ್ಸ್ ಕಟ್ಟಿಕೊಂಡವನು, ಒಳಗೆ ಪ್ರೆಸ್ ಮಷೀನಿಗೆ ಕೈ ಸಿಕ್ಕಿಸಿಕೊಂಡ ಹೆಂಗಸಿನ ಕೂಗು ಕೇಳಿ, ಎಲ್ಲೂ ನಿಲ್ಲಿಸದೆ ಎಳೆದ. ಆಸ್ಪತ್ರೆಯ ಗೇಟಿನಲ್ಲೇ ಗೇರ್‌ಬಾಕ್ಸ್ ಹೊಗೆ ಬಿಟ್ಟು ಸತ್ತಿತು. "ಅಯ್ಯೋ, ಒಂದ್ಕಡೆ ನಿಲ್ಸಿ ತಣ್ಣಗೆ ಮಾಡ್ಕೊಂಡು ಬರೋದಲ್ವಾ ಅಣ್ಣ?" ಎಂದ ವಾಚ್‌ಮನ್ ಮೇಲೆ ಅವನು ಎರಗಿದ: "ಒಳ್ಗೆ ಕೂಗ್ತಿರೋದು ಕೇಳಿಸ್ತಿಲ್ವೇನೋ ಕಿವುಡ? ಗೇಟ್ ತೆಗಿ ಮೊದ್ಲು!"