ಎಂಟು ಗಂಟೆಯ ಊಟ

ಬೆಳಗಾವಿ ಹತ್ತಿರದ ಮಚ್ಛೆಯ ನಮ್ಮ ಕಾರ್ಖಾನೆಯಲ್ಲಿ ಪದ್ಮಶ್ರೀಗೆ ಹೆದರದವರಿಲ್ಲ, ಸ್ಟೋರ್ ನೋಡಿಕೊಳ್ಳುವ ನನ್ನನ್ನೂ ಸೇರಿಸಿ. ಹತ್ತೊಂಬತ್ತು ವರ್ಷಗಳ ಹಿಂದೆ ಖಾನಾಪುರದಿಂದ ಬಂದು ಪ್ಯಾಕಿಂಗ್ ಕೆಲಸಕ್ಕೆ ಸೇರಿದವಳು ಈಗ ಎರಡನೇ ಪಾಳಿಯ ಸೂಪರ್‌ವೈಸರ್. ಮಾತು ಖಾರ. ಆದರೆ ಕೆಲಸ ಕಲಿಸಲು ನಿಂತರೆ ಹತ್ತು ಸಲ ತೋರಿಸಿದರೂ ಬೇಸರಿಸುವವಳಲ್ಲ. ನಂದಗಡದ ಪಾರ್ಶ್ವನಿಗೆ ಗ್ರೈಂಡಿಂಗ್ ಮಷಿನ್ ಕಲಿಸಿದವಳು ಅವಳೇ. ಉಕ್ಕಿನ ಶಾಫ್ಟನ್ನು ಕೂದಲೆಳೆಯಷ್ಟೂ ತಪ್ಪದಂತೆ ಉಜ್ಜುವ ಕೈ ಅವನದು.

ಅಂಥ ಕೈ ಈ ಬೇಸಿಗೆಯಲ್ಲಿ ಕೆಟ್ಟಿತು. ಅವನು ಉಜ್ಜಿದ ಮಾಲು ಎರಡು ಸಲ ಗಿರಾಕಿಯಿಂದ ವಾಪಸ್ ಬಂತು. ಮ್ಯಾನೇಜರ್ ವಿನಯ ಅವರು ಪದ್ಮಶ್ರೀಯ ಮುಂದೆ ಒಂದು ಫಾರ್ಮ್ ಇಟ್ಟರು.

“ಶನಿವಾರದ ಮಾಲೂ ಕೆಟ್ರ ಪಾರ್ಶ್ವನ್ನ ತಗದ ಬಿಡೂಣು. ಮಾಲು ಕೆಡಾಕ ಕಾರಣ ಏನಂತ ನೀವ ಬರೀರಿ. ನಾಳಿಗೆ ಬೇಕು.”

ಅವಳು ಕೆಟ್ಟ ಮಾಲನ್ನೆಲ್ಲ ನನ್ನ ಸ್ಟೋರಿಗೆ ತರಿಸಿ, ಪ್ರತಿ ಟ್ರೇಯ ಚೀಟಿಯಲ್ಲಿದ್ದ ಸಮಯ ನೋಡುತ್ತ ಕುಳಿತಳು. ಸಂಜೆ ಏಳರವರೆಗಿನದು ಒಂದೂ ಕೆಟ್ಟಿರಲಿಲ್ಲ. ಕೆಟ್ಟದ್ದೆಲ್ಲ ಆಮೇಲಿನದು. ಹೊತ್ತು ಮುಳುಗಿದ ಮೇಲೆ ಕೈ ನಡುಗುತ್ತದೆಂದರೆ ಹುಡುಗ ಕುಡಿಯಲು ಕಲಿತಿದ್ದಾನೆ ಎಂದೆ ನಾನು. ಹಾಳು ಬಾಯಿ ನನ್ನದು.

ಅಂದೇ ಏಳೂವರೆಗೆ ಅವಳು ಅವನ ಮಷಿನ್ ಬಳಿ ಹೋಗಿ ನಿಂತಳು. ಕೈಗವಸು ಕೊಡುವ ನೆಪದಲ್ಲಿ ನಾನೂ ಹಿಂದೆ ಹೋದೆ. ಅಳತೆಯ ಸಾಧನ ಹಿಡಿದ ಪಾರ್ಶ್ವನ ಬೆರಳುಗಳು ಖರೇನೇ ನಡುಗುತ್ತಿದ್ದವು. ತುಟಿ ಒಣಗಿತ್ತು.

“ದಾರು ಹಾಕಿಯೇನು?” ಎಂದಳು.

ಅವನು ಮಷಿನ್ ನಿಲ್ಲಿಸಿದ. “ಹೊತ್ತ ಮುಣಗಿದ ಮ್ಯಾಲ ನಾವು ನೀರೂ ಮುಟ್ಟಂಗಿಲ್ರಿ ಅಕ್ಕಾರ. ಜೈನರ ಮನಿತನ ನಮ್ದು.”

“ಮತ್ತ ಊಟ?”

“ಮಧ್ಯಾಹ್ನ ಹನ್ನೆರಡಕ್ಕ ಉಂಡ ಮನಿ ಬಿಡ್ತೀನ್ರಿ. ಮುಂದ ಮರುದಿನಾನ.”

ಪದ್ಮಶ್ರೀ ಗೋಡೆಯ ಗಡಿಯಾರದತ್ತ ತಿರುಗಿದಳು. ಮಾರ್ಚ್‌ವರೆಗೆ ಈ ಪಾಳಿಯ ಊಟದ ಬಿಡುವು ಆರಕ್ಕಿತ್ತು. ಅದನ್ನು ಎಂಟಕ್ಕೆ ಸರಿಸಿದರೆ ಕೆಲಸ ಹೆಚ್ಚು ಸಾಗುತ್ತದೆಂದು ಹಟ ಹಿಡಿದು ಮಾಡಿಸಿದವಳು ಅವಳೇ. ಒಟ್ಟಾರೆ ಉತ್ಪಾದನೆ ಹೆಚ್ಚಿತ್ತು, ಅವಳ ಬಡ್ತಿಗೆ ಶಿಫಾರಸೂ ಹೋಗಿತ್ತು.

“ಬಾಯಿ ಇರ್ಲಿಲ್ಲೇನೋ ನಿನಗ? ಹೇಳಬಾರ್ದಿತ್ತ?”

“ಕೆಲಸ ಕಲಿಸಿದವ್ರ ನೀವು. ನಿಮಗ ಹೆಸರ ಬರೂ ಹೊತ್ತಿನ್ಯಾಗ ನಾ ಅಡ್ಡ ಬರ್ಲೇನ್ರಿ?”

ಮರುದಿನ ಫಾರ್ಮಿನಲ್ಲಿ ಅವಳು ಬರೆದದ್ದನ್ನು ವಿನಯ ಎರಡು ಸಲ ಓದಿದರು. ಊಟದ ಹೊತ್ತು ಬದಲಿಸುವಾಗ ಕೆಲಸಗಾರರನ್ನು ಕೇಳಲಿಲ್ಲ, ತಪ್ಪು ನನ್ನದು ಎಂದಿತ್ತು.

“ಇದು ಬೆಳಗಾವಿ ಆಫೀಸಿಗೆ ಹೋದ್ರ ನಿಮ್ಮ ಬಡ್ತಿ ನಿಂತಂಗ. ಕೆಲಸಗಾರನ ನಿಷ್ಕಾಳಜಿ ಅಂತ ಬರದ್ರ ಇಲ್ಲೇ ಮುಗೀತದ.”

“ಮುಗಿಯೂದು ಅವನ ನೌಕರೀರಿ. ಶನಿವಾರ ಆರಕ್ಕ ಊಟಕ್ಕ ಬಿಡ್ರಿ, ಮಾಲ್ ನೋಡ್ರಿ.”

ಒಂದೇ ದಿನಕ್ಕೆಂದು ಒಪ್ಪಿದರು. ಶನಿವಾರ ಆರಕ್ಕೆ ಮಷಿನ್‌ಗಳು ನಿಂತವು. ಪಾರ್ಶ್ವ ಕಿಟಕಿಯ ಬಿಸಿಲು ನೋಡಿಕೊಳ್ಳುತ್ತ ಗಬಗಬ ರೊಟ್ಟಿ ತಿಂದ, ಚೊಂಬು ನೀರು ಕುಡಿದ. ಪದ್ಮಶ್ರೀ ಬುತ್ತಿ ಬಿಚ್ಚಲೇ ಇಲ್ಲ. ಏಳರ ನಂತರದ ಒಂದೊಂದು ಶಾಫ್ಟನ್ನೂ ತಾನೇ ಅಳೆದಳು. ಆದರೂ ಗಿರಾಕಿಯ ಮಾತು ಬರುವ ತನಕ ಆ ಮೂರು ದಿನ ಯಾರನ್ನೂ ಬಯ್ಯಲಿಲ್ಲ. ಅದನ್ನು ಕಂಡು ನನಗೆ ಇನ್ನಷ್ಟು ಭಯವಾಯಿತು.

ಮಂಗಳವಾರ ಫೋನ್ ಬಂತು. ಒಂದೂ ವಾಪಸಿಲ್ಲ. ಊಟದ ಬಿಡುವು ಆರಕ್ಕೇ ಕಾಯಂ ಆಯಿತು, ಫಾರ್ಮ್ ಬೆಳಗಾವಿಗೆ ಹೋಗಿ ಅವಳ ಬಡ್ತಿ ನಿಂತಿತು.

ಪಾಳಿ ಶುರುವಾಗುವ ಮುಂಚೆ ಅವಳು ಎಲ್ಲರೆದುರು ಪಾರ್ಶ್ವನ ಮುಂದೆ ನಿಂತಳು. “ಅವತ್ತ ಹಂಗ ಕೇಳಿದ್ದು ತಪ್ಪಾತು ತಮ್ಮಾ.”

“ಕೇಳಿದ್ದ ಛಲೋ ಆತ್ರಿ,” ಎಂದ ಅವನು. “ರಾಜೀನಾಮಿ ಬರದ ಕಿಸೇದಾಗ ಇಟ್ಕೊಂಡಿದ್ನಿ. ಮೂರು ತಿಂಗಳದಾಗ ನನ್ನ ಹತ್ರ ಬಂದು ಏನರೇ ಕೇಳಿದವ್ರ ನೀವೊಬ್ರ.”